ಶಝಾಮ್‌ಗೂ ಸಿಗದ ಸಿನಿಮಾ ಹಾಡನ್ನು ಹುಡುಕುವುದು ಹೇಗೆ?

ನೀವು ಕೇಳಿದ್ದು ಇಷ್ಟು: 80ರ ದಶಕದ ಅಮೆರಿಕದ ಒಂದು ಕಡಿಮೆ ಬಜೆಟ್ ಹಾರರ್ ಸಿನಿಮಾ. ಬಾರ್ ದೃಶ್ಯದಲ್ಲಿ ಮಾತಿನ ಹಿಂದೆ ಒಂದು ಹಾಡು. ಹಾಡು ಕೇಳಿ ಹೆಸರು ಹೇಳುವ ಆ್ಯಪ್ ಶಝಾಮ್ ಗುರುತಿಸಲಿಲ್ಲ, ಕೊನೆಯ ಟೈಟಲ್‌ನಲ್ಲೂ ಹೆಸರಿಲ್ಲ. ಮುಂದೇನು?

ಕೈಬಿಡಬೇಡಿ. ಇಂಥ ಹಾಡುಗಳು ಕಿವಿಗಿಂತ ಕಾಗದಪತ್ರದ ದಾರಿಯಲ್ಲೇ ಜಾಸ್ತಿ ಸಿಗುತ್ತವೆ. ಹಾಡು ಸಿನಿಮಾದಲ್ಲಿದೆ ಅಂದರೆ ಅದನ್ನು ಯಾರೋ ಬರೆದಿದ್ದಾರೆ, ಯಾರೋ ಹಾಡಿದ್ದಾರೆ. ಆ ಜನರನ್ನು ಹುಡುಕಿ.

2021ರಲ್ಲಿ ಒಬ್ಬರು 17 ಸೆಕೆಂಡಿನ ಹಾಡಿನ ತುಣುಕೊಂದನ್ನು ಇಂಟರ್ನೆಟ್ಟಿಗೆ ಹಾಕಿದರು. ‘ಎವ್ರಿವನ್ ನೋಸ್ ದಟ್’ ಎಂಬ ಸಾಲು ಕೇಳಿಸುತ್ತಿದ್ದರಿಂದ ಎಲ್ಲರೂ ಅದನ್ನೇ ಹೆಸರು ಮಾಡಿಕೊಂಡರು. ಹಳೆಯ ಜಾಹೀರಾತು, ಟಿವಿ ಕಾರ್ಯಕ್ರಮ ಎಲ್ಲವನ್ನೂ ಜಾಲಾಡಿದರು. ಕೊನೆಗೆ 2024ರ ಏಪ್ರಿಲ್‌ನಲ್ಲಿ ಅದು ಸಿಕ್ಕಿದ್ದು ‘ಏಂಜಲ್ಸ್ ಆಫ್ ಪ್ಯಾಷನ್’ ಎಂಬ 1986ರ ವಯಸ್ಕರ ಸಿನಿಮಾದಲ್ಲಿ. ಹಾಡು ಮಾಡಿದವರು ಕ್ರಿಸ್ಟೋಫರ್ ಸೇಂಟ್ ಬೂತ್ ಮತ್ತು ಫಿಲಿಪ್ ಏಡ್ರಿಯನ್ ಬೂತ್ ಎಂಬ ಅಣ್ಣತಮ್ಮಂದಿರು. ಹಾಡಿನ ನಿಜವಾದ ಹೆಸರು ‘ಅಲ್ಟೀರಿಯರ್ ಮೋಟಿವ್ಸ್’. ಆ ಎರಡು ಪದಗಳೂ ತುಣುಕಿನಲ್ಲೇ ಇದ್ದವು!

ಹಾಗಾಗಿ ಪಲ್ಲವಿಯೊಂದನ್ನೇ ನಂಬಿ ಕೂರಬೇಡಿ. ಕೇಳಿಸುವ ಪ್ರತಿ ಸಾಲನ್ನೂ ಬರೆದುಕೊಂಡು, ಒಂದೊಂದನ್ನೂ ಹಾಡಿನ ಹೆಸರು ಅಂದುಕೊಂಡು ಹುಡುಕಿ. ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ 1978ರಿಂದ ಈಚೆಗೆ ನೋಂದಾಯಿಸಿದ ಕೃತಿಗಳ ಪಟ್ಟಿ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಹಾಡು ಬರೆದವರಿಗೆ ರಾಯಧನ ವಸೂಲಿ ಮಾಡಿಕೊಡುವ ಎಎಸ್‌ಸಿಎಪಿ, ಬಿಎಂಐ ಎಂಬ ಸಂಸ್ಥೆಗಳ ಪಟ್ಟಿಗಳೂ ಆನ್‌ಲೈನ್‌ನಲ್ಲೇ ಇವೆ. ಒಂದೇ ಹೆಸರಿನ ಹತ್ತಾರು ಹಾಡು ಬರುತ್ತವೆ, ಹೆದರಬೇಡಿ. ಬರೆದವರ ಹೆಸರನ್ನು ನಿಮ್ಮ ಸಿನಿಮಾದ ಟೈಟಲ್‌ನಲ್ಲಿ ಬರುವ ಹೆಸರುಗಳ ಜೊತೆ ಹೋಲಿಸಿ. ಸಂಗೀತ ನಿರ್ದೇಶಕರ ಹೆಸರಷ್ಟೇ ಅಲ್ಲ, ಸೌಂಡ್ ಮಾಡಿದವರು, ಸಣ್ಣ ಪಾತ್ರ ಮಾಡಿದವರ ಹೆಸರನ್ನೂ ನೋಡಿ. ದುಡ್ಡಿಲ್ಲದ ಸಿನಿಮಾಗಳಿಗೆ ಗೆಳೆಯರ ಬ್ಯಾಂಡೇ ಹಾಡು ಕೊಟ್ಟಿರುತ್ತದೆ.

ಶಝಾಮ್ ವಿಷಯಕ್ಕೆ ಬಂದರೆ, ಅದು ಧ್ವನಿಯಲ್ಲಿ ಎದ್ದು ಕಾಣುವ ಬಿಂದುಗಳನ್ನು ಹಿಡಿದು ತನ್ನ ಸಂಗ್ರಹದ ಜೊತೆ ಹೋಲಿಸುತ್ತದೆ. ಬಿಡುಗಡೆಯೇ ಆಗದ ಹಾಡು ಆ ಸಂಗ್ರಹದಲ್ಲಿ ಇರಲ್ಲ. ಆದರೆ ಇದ್ದರೂ ಸಿಗದಿರಲು ಇನ್ನೊಂದು ಕಾರಣವಿದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್. ಭಾರತ, ಯುರೋಪಿನ ಹಳೆಯ ಟಿವಿ ಪದ್ಧತಿಯಾದ ಪಾಲ್‌ನಲ್ಲಿ 25. ಹೀಗಾಗಿ ಪಾಲ್ ಕ್ಯಾಸೆಟ್ಟು, ಡಿವಿಡಿಗಳಲ್ಲಿ ಇಡೀ ಸಿನಿಮಾ ಸುಮಾರು ಶೇ. 4ರಷ್ಟು ಬೇಗ ಓಡುತ್ತದೆ. ಶ್ರುತಿಯೂ ಹಾರ್ಮೋನಿಯಂನ ಒಂದು ಕೀಯಷ್ಟಲ್ಲದಿದ್ದರೂ ಅದರ ಹತ್ತಿರಕ್ಕೆ ಏರಿರುತ್ತದೆ. ನಮಗೆ ಗೊತ್ತೇ ಆಗಲ್ಲ, ಆದರೆ ಯಂತ್ರಕ್ಕೆ ಅದು ಬೇರೆ ಹಾಡಾಗಿಬಿಡಬಹುದು. ಆಡಾಸಿಟಿ ಎಂಬ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ವೇಗವನ್ನು 0.96ಕ್ಕೆ ಇಳಿಸಿ, ಮತ್ತೆ ಶಝಾಮ್‌ಗೆ ಕೇಳಿಸಿ ನೋಡಿ.

ಮಾತು ಅಡ್ಡ ಬಂದು ಸಾಲು ಕೇಳಿಸುತ್ತಿಲ್ಲವೇ? ಅದೇ ಸಿನಿಮಾದ ಇಟಾಲಿಯನ್ ಅಥವಾ ಜರ್ಮನ್ ಡಬ್ಬಿಂಗ್ ಸಿಗುತ್ತದಾ ನೋಡಿ. ಡಬ್ ಮಾಡುವಾಗ ಸಾಮಾನ್ಯವಾಗಿ ಸಂಗೀತದ ಟ್ರ್ಯಾಕ್ ಹಾಗೇ ಉಳಿಯುತ್ತದೆ, ಮಾತು ಮಾತ್ರ ಬದಲಾಗುತ್ತದೆ. ಇಂಗ್ಲಿಷ್ ಮಾತು ಮುಚ್ಚಿದ ಪದ ಇಲ್ಲಿ ಸ್ಪಷ್ಟವಾಗಿ ಕೇಳಿಸಬಹುದು. ನನಗೆ ಬಹಳ ಇಷ್ಟವಾದ ಉಪಾಯ ಇದು.

ಲೈಬ್ರರಿ ಸಂಗೀತವನ್ನೂ ಮರೆಯಬೇಡಿ. ಮೊದಲೇ ರೆಕಾರ್ಡ್ ಮಾಡಿಟ್ಟು, ಕೇಳಿದವರಿಗೆ ಬಾಡಿಗೆಗೆ ಕೊಡುವ ಸಂಗೀತ ಅದು. 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಎಷ್ಟು ಪ್ರಸಿದ್ಧ, ಅಲ್ವಾ? ಅದರ ಹಿನ್ನೆಲೆ ಸಂಗೀತ ಬಂದಿದ್ದು ಕ್ಯಾಪಿಟಲ್ ಕಂಪನಿಯ ‘ಹೈ-ಕ್ಯೂ’ ಲೈಬ್ರರಿಯಿಂದ. ಅದರಲ್ಲಿ ಕೆಲವು ತುಣುಕುಗಳು 1959ರ ‘ಟೀನೇಜರ್ಸ್ ಫ್ರಂ ಔಟರ್ ಸ್ಪೇಸ್’ನಲ್ಲಿ ಆಗಲೇ ಬಂದಿದ್ದವು. ನಿಮ್ಮ ಹಾಡೂ ಅದೇ ಕಾಲದ ಇನ್ನೊಂದು ಸಣ್ಣ ಸಿನಿಮಾದಲ್ಲಿ ಇರಬಹುದು, ಅಲ್ಲಿ ಹೆಸರೂ ಹಾಕಿರಬಹುದು.

ಸಿನಿಮಾ ಟಿವಿಯಲ್ಲಿ ಬಂದಿದ್ದರೆ ‘ಕ್ಯೂ ಶೀಟ್’ ಇರುವ ಸಾಧ್ಯತೆ ಇದೆ. ಯಾವ ಹಾಡು, ಎಷ್ಟು ಸೆಕೆಂಡು, ಬರೆದವರು ಯಾರು ಎಂಬ ಪಟ್ಟಿ ಅದು. ರಾಯಧನ ಹಂಚುವುದು ಅದನ್ನು ನೋಡಿಯೇ. ಸಂಗೀತ ನಿರ್ದೇಶಕರಿಗೋ ನಿರ್ಮಾಪಕರಿಗೋ ಒಂದು ಸಣ್ಣ ಇಮೇಲ್ ಬರೆದು ಕೇಳಿ. ದೃಶ್ಯದ ತುಣುಕನ್ನೂ ಜೊತೆಗೆ ಕಳಿಸಿ. ಸಂಕೋಚ ಬೇಡ. ಅಷ್ಟು ವರ್ಷದ ಹಿಂದಿನ ಕೆಲಸವನ್ನು ಯಾರೋ ಕೇಳಿದರು ಎಂದರೆ ಅವರಿಗೂ ಖುಷಿ.

ಸಿನಿಮಾದ ಹೆಸರು, ಹಾಡು ಎಷ್ಟನೇ ನಿಮಿಷಕ್ಕೆ ಬರುತ್ತದೆ, ನಿಮ್ಮದು ಯಾವ ಪ್ರತಿ ಎಂದು ತಿಳಿಸಿ. ಸಾಲುಗಳನ್ನು ಬಿಡಿಸಲು ನಾನೂ ಕೂರುತ್ತೇನೆ.