ವಾರಂಟ್ ಇಲ್ಲ ಅಂತ ಪೊಲೀಸರನ್ನು ತಳ್ಳಬೇಡಿ

ಪ್ರಶ್ನೆ: ಮೇಡಂ, ತಮ್ಮನ ಮೇಲೆ ಸುಳ್ಳು ಕೇಸು ಆಗಿದೆ. ವಾರಂಟ್ ಇಲ್ಲದೆ ಅರೆಸ್ಟ್ ಮಾಡಲು ಬಂದರೆ ತಡೆಯಬಹುದು ಅಲ್ವಾ?

ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ವಾರಂಟ್ ಇಲ್ವಾ? ತಳ್ಳಿ ಆಚೆ ಹಾಕಿ" ಅಂತ ರೀಲ್ಸ್‌ನಲ್ಲಿ ಪಾಠ ಹೇಳುವವರು ನಾಳೆ ಜಾಮೀನು ಕೊಡಲು ಬರುವುದಿಲ್ಲ. ಕಳ್ಳತನ, ವಂಚನೆಯಂಥ ಎಷ್ಟೋ ಕೇಸುಗಳಲ್ಲಿ ವಾರಂಟ್ ಬೇಕಾಗಿಯೇ ಇಲ್ಲ. ಕೇಸು ಸುಳ್ಳೋ ನಿಜವೋ ಅನ್ನುವುದು ಕೋರ್ಟಿನಲ್ಲಿ ತೀರ್ಮಾನವಾಗುತ್ತದೆ, ಮನೆ ಬಾಗಿಲಲ್ಲಿ ಅಲ್ಲ.

ತನ್ನ ಕಾನೂನುಬದ್ಧ ಬಂಧನಕ್ಕೆ ತಾನೇ ಅಡ್ಡಿಪಡಿಸಿದರೆ ಭಾರತೀಯ ನ್ಯಾಯ ಸಂಹಿತೆಯ 262ನೇ ಕಲಂ ಬೀಳುತ್ತದೆ. 2 ವರ್ಷದವರೆಗೆ ಜೈಲು, ಆದರೆ ಜಾಮೀನು ಸಿಗುವ ಅಪರಾಧ. ನನಗೆ ಭಯ ಅದರ ನಂತರದ್ದು. ಎಳೆದಾಟದಲ್ಲಿ ಪೇದೆಯ ಅಂಗಿ ಗುಂಡಿ ಕಿತ್ತಿತು ಅನ್ನಿ. ಎಫ್‌ಐಆರ್‌ನಲ್ಲಿ "ಸಮವಸ್ತ್ರ ಹಿಡಿದೆಳೆದು ಕರ್ತವ್ಯಕ್ಕೆ ಅಡ್ಡಿಪಡಿಸಿರುತ್ತಾರೆ" ಅಂತ ಒಂದು ಸಾಲು ಸೇರುತ್ತದೆ. ಅದು 132ನೇ ಕಲಂ, ಜಾಮೀನುರಹಿತ. ಗಾಯವಾದರೆ 121, 5 ವರ್ಷದವರೆಗೆ. ಮೂಲ ಕೇಸು ಬಿದ್ದುಹೋದರೂ ಇದು ಬೆನ್ನು ಬಿಡುವುದಿಲ್ಲ.

ಬಂಧನದಲ್ಲೇ ಲೋಪವಿದ್ದರೆ? ಅಧಿಕಾರಿ ಸದುದ್ದೇಶದಿಂದ ಕೆಲಸ ಮಾಡುತ್ತಿದ್ದರೆ, ಪ್ರಾಣಕ್ಕೋ ತೀವ್ರ ಗಾಯಕ್ಕೋ ಹೆದರುವಂಥ ಸ್ಥಿತಿ ಇಲ್ಲದಿದ್ದರೆ, ಆಗಲೂ ಆತ್ಮರಕ್ಷಣೆಯ ಹಕ್ಕು ಸಿಗುವುದಿಲ್ಲ. 37ನೇ ಕಲಂ ಹೇಳುವುದು ಅದನ್ನೇ. ಪೊಲೀಸ್ ಅಂತಲೇ ಗೊತ್ತಾಗದಿದ್ದರೆ ಮಾತು ಬೇರೆ. ಮಫ್ತಿಯಲ್ಲಿ ಬಂದವರ ಹತ್ತಿರ ಗುರುತಿನ ಚೀಟಿ ಕೇಳಿ.

ಕೈ ಕಟ್ಟಿಕೊಂಡು, ಬಾಯಿ ಬಿಟ್ಟು ಕೇಳಿ. ಯಾವ ಕೇಸು, ಯಾಕೆ ಬಂಧನ, ಬರವಣಿಗೆಯಲ್ಲಿ ಕೊಡಿ ಅನ್ನಿ. ಕಾರಣ ತಿಳಿಸದ ಬಂಧನ ಅಕ್ರಮ ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅರೆಸ್ಟ್ ಮೆಮೊಗೆ, ಅಂದರೆ ಬಂಧನದ ವಿವರ ಬರೆಯುವ ಪತ್ರಕ್ಕೆ, ಮನೆಯವರದ್ದೋ ಊರಿನ ಹಿರಿಯರದ್ದೋ ಸಾಕ್ಷಿ ಸಹಿ ಇರಬೇಕು. ಅದರಲ್ಲಿ ಬಂಧನದ ಸಮಯ ನೋಡಿ, ದಯವಿಟ್ಟು ನೋಡಿ. ಬೆಳಿಗ್ಗೆ 7ಕ್ಕೆ ಕರೆದೊಯ್ದು ಸಂಜೆ 5 ಅಂತ ಬರೆದರೆ, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಲೆಕ್ಕವೇ ತಪ್ಪುತ್ತದೆ. ಸಹಿಯ ಪಕ್ಕದಲ್ಲಿ ನಿಜವಾದ ಸಮಯ ಬರೆಯಿರಿ. ಬರೆಯಲು ಬಿಡದಿದ್ದರೆ ಮ್ಯಾಜಿಸ್ಟ್ರೇಟರಿಗೆ ಹೇಳಿ. ಮೈಮೇಲೆ ಪೆಟ್ಟು ಬಿದ್ದಿದ್ದರೆ ಅದನ್ನೂ ಅಲ್ಲೇ ತೋರಿಸಿ.

ಪ್ರಶ್ನೆ: ಅಮ್ಮ ಅಡ್ಡ ನಿಂತರೆ ಅವರ ಮೇಲೂ ಕೇಸು ಆಗುತ್ತಾ?

ಆಗುತ್ತದೆ. ಬೇರೆಯವರ ಬಂಧನಕ್ಕೆ ಅಡ್ಡಿಪಡಿಸಿದರೆ 263ನೇ ಕಲಂ. ಅಮ್ಮನ ಕೈಯಲ್ಲಿ ಲಾಯರಿಗೆ ಫೋನ್ ಮಾಡಿಸಿ.

ಪ್ರಶ್ನೆ: ವಿಡಿಯೊ ಕಾಲ್‌ನಲ್ಲಿ ನನ್ನನ್ನು ಅರೆಸ್ಟ್ ಮಾಡಿದ್ದೇವೆ ಅಂದರು. ಕಟ್ ಮಾಡಿದರೆ ಅಪರಾಧವೇ?

ಡಿಜಿಟಲ್ ಅರೆಸ್ಟ್ ಅನ್ನುವುದೇ ಕಾನೂನಿನಲ್ಲಿಲ್ಲ. ಕಟ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ.