ಉಚಿತ ಆ್ಯಪ್ ಕೇಳಿದ್ದೆಲ್ಲ ಕೊಡಬೇಕೆ?

ಪ್ರಶ್ನೆ: ಫೋಟೊ ತಿದ್ದುವ ಉಚಿತ ಆ್ಯಪ್ ಒಂದು ಕಾಂಟ್ಯಾಕ್ಟ್ಸ್, ಲೊಕೇಶನ್ ಎರಡನ್ನೂ ಕೇಳುತ್ತಿದೆ. ಕೊಡಲೇಬೇಕೆ? ಬೇಡವೆನಿಸಿ ಆ್ಯಪ್ ಅಳಿಸಿದರೆ ನನ್ನ ಮಾಹಿತಿಯೂ ಹೋಗುತ್ತದೆಯೇ?

ಉತ್ತರ: ಕೊಡಬೇಕಿಲ್ಲ. ಫೋಟೊ ತಿದ್ದಲು ನಿಮ್ಮ ನೆಂಟರಿಷ್ಟರ ನಂಬರ್ ಯಾಕೆ ಬೇಕು? ಅನುಮತಿ ನಿರಾಕರಿಸಿ, ಸಾಮಾನ್ಯವಾಗಿ ಆ್ಯಪ್ ಆಮೇಲೂ ನಡೆಯುತ್ತದೆ. ನಡೆಯದಿದ್ದರೆ ಬೇರೆಯದನ್ನು ನೋಡಿ. ಗ್ಯಾಲರಿಯನ್ನೂ ಇಡಿಯಾಗಿ ಬಿಟ್ಟುಕೊಡಬೇಡಿ. ಆಂಡ್ರಾಯ್ಡ್ 14ರಿಂದ ಈಚೆಗೆ, ಐಫೋನ್‌ನಲ್ಲಾದರೆ ಐಒಎಸ್ 14ರಿಂದ ಈಚೆಗೆ, ಆಯ್ದ ಫೋಟೊಗಳನ್ನಷ್ಟೇ ತೋರಿಸುವ ಆಯ್ಕೆ ಇದೆ.

ಲೊಕೇಶನ್ ವಿಷಯದಲ್ಲಿ ಜನ ಎಡವುವುದು ಬೇರೆ ಕಡೆ. ಆ್ಯಪ್‌ಗೆ ಅನುಮತಿ ಕೊಡದಿದ್ದರೂ, ಕ್ಯಾಮೆರಾ ಫೋಟೊ ಫೈಲಿನೊಳಗೇ ಅಕ್ಷಾಂಶ, ರೇಖಾಂಶ ಬರೆದಿಟ್ಟಿರಬಹುದು. ಮನೆಯೊಳಗೆ ತೆಗೆದ ಅಂಥ ಒಂದು ಚಿತ್ರ ಸಾಕು, ವಿಳಾಸ ಕೊಟ್ಟ ಹಾಗೆಯೇ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ ಆಫ್ ಮಾಡಿ. ಈಗಾಗಲೇ ತೆಗೆದ ಫೋಟೊಗಳಿಂದ ಅದು ಅಳಿಯದು. ಅವುಗಳ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ಅಪ್‌ಲೋಡ್ ಮಾಡುವುದು ಸುಲಭದ ದಾರಿ. ಗುಣಮಟ್ಟ ತುಸು ಕುಗ್ಗುತ್ತದೆ, ಅಷ್ಟೆ.

ಎರಡನೆಯ ಪ್ರಶ್ನೆಗೆ: ಇಲ್ಲ. ಹೋಗುವುದು ಫೋನಿನಲ್ಲಿರುವುದು ಮಾತ್ರ, ಸರ್ವರ್‌ನಲ್ಲಿರುವ ಖಾತೆ ಹಾಗೇ ಉಳಿಯುತ್ತದೆ. ಮೊದಲು ಆ್ಯಪ್‌ನೊಳಗೆ ‘ಡಿಲೀಟ್ ಅಕೌಂಟ್’ ಹುಡುಕಿ (ಲಾಗೌಟ್ ಅಲ್ಲ, ‘ಡಿಆ್ಯಕ್ಟಿವೇಟ್’ ಕೂಡ ಅಲ್ಲ), ಖಾತೆ ಮುಚ್ಚಿದ ಮೇಲೆ ಆ್ಯಪ್ ತೆಗೆಯಿರಿ. ಗೂಗಲ್ ಖಾತೆಯ ಮೂಲಕ ಲಾಗಿನ್ ಆಗಿದ್ದರೆ, ಆ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ಥರ್ಡ್ ಪಾರ್ಟಿ (ಗೂಗಲ್‌ನದಲ್ಲದ, ಬೇರೆಯವರ) ಆ್ಯಪ್‌ಗಳ ಪಟ್ಟಿ ಇರುತ್ತದೆ. ಅಲ್ಲಿಂದಲೂ ಅದನ್ನು ಕಿತ್ತುಹಾಕಿ. ಆ ಪಟ್ಟಿಯಲ್ಲಿ ನೀವು ಮರೆತೇಬಿಟ್ಟ ಇನ್ನೂ ಕೆಲವು ಹೆಸರು ಸಿಕ್ಕಾವು.