ಚಿತ್ರದ ಮುಂದೆ ಇನ್ನಷ್ಟು ಹೊತ್ತು ನಿಲ್ಲಿ

ಮಾನ್ಯರೇ,

ಮೊದಲ ಮಹಾಯುದ್ಧದಲ್ಲಿ ಅಂಗವಿಕಲರಾದ ಜರ್ಮನ್ ಸೈನಿಕರನ್ನು ಚಿತ್ರಿಸಿದ ಅದೇ ದೇಶದ ಕಲಾವಿದ ಒಟ್ಟೊ ಡಿಕ್ಸ್ ಕುರಿತು ನೀವು ಕಳುಹಿಸಿದ ಪ್ರಬಂಧವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಾಗುತ್ತಿಲ್ಲ. ನಿಮ್ಮ ಕಳಕಳಿ ಪ್ರಾಮಾಣಿಕವಾದದ್ದು ಎಂಬುದು ಪ್ರತಿ ಪುಟದಲ್ಲೂ ಕಾಣುವುದರಿಂದ ಕಾರಣಗಳನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತಿದ್ದೇನೆ.

ನಿಮ್ಮ ಬರಹದಲ್ಲಿ ಮರುಕವಿದೆ, ಚಿತ್ರಗಳಿಲ್ಲ. 1920ರ ‘ಬೆಂಕಿಪೊಟ್ಟಣ ಮಾರುವವನು’ ಕೃತಿಯನ್ನು ‘ಕರುಳು ಹಿಂಡುವ ಚಿತ್ರ’ ಎಂದು ಕರೆದು ಮುಂದೆ ಸಾಗಿದ್ದೀರಿ. ಅದನ್ನು ಕಾಣದ ಓದುಗನಿಗೆ ಅಲ್ಲಿ ಏನಿದೆ ಎಂಬುದೇ ತಿಳಿಯುವುದಿಲ್ಲ. ಕೈಕಾಲುಗಳನ್ನೂ ಕಣ್ಣುಗಳನ್ನೂ ಕಳೆದುಕೊಂಡ ಮಾಜಿ ಸೈನಿಕನೊಬ್ಬ ಕೊರಳಿಗೆ ಬೆಂಕಿಪೊಟ್ಟಣಗಳ ತಟ್ಟೆ ತೂಗುಹಾಕಿಕೊಂಡು ಪಾದಚಾರಿ ಮಾರ್ಗದಲ್ಲಿ ಕುಳಿತಿದ್ದಾನೆ. ಸುತ್ತಲಿನವರ ಮುಖ ನಮಗೆ ಕಾಣುವುದೇ ಇಲ್ಲ, ಏಕೆಂದರೆ ಚಿತ್ರದ ಅಂಚು ಅವರ ದೇಹಗಳನ್ನು ಕತ್ತರಿಸಿ, ಒಳ್ಳೆಯ ಪಾದರಕ್ಷೆ ತೊಟ್ಟು ಅವಸರದಿಂದ ದೂರ ಸರಿಯುವ ಕಾಲುಗಳನ್ನಷ್ಟೇ ಉಳಿಸಿದೆ. ಒಂದು ಗಿಡ್ಡಗಾಲಿನ ನಾಯಿ ಅವನ ಮೇಲೆಯೇ ಮೂತ್ರ ಮಾಡುತ್ತಿದೆ. ಗಾಯಾಳುವಿನ ನೋವಿಗಿಂತ ಹೆಚ್ಚಾಗಿ ಡಿಕ್ಸ್ ಬಿಡಿಸಿರುವುದು ಆ ದೂರ ಸರಿಯುವಿಕೆಯನ್ನು. ಸಮಾಜದ ಅಸಡ್ಡೆ ಎಂದು ನೀವು ಪದೇ ಪದೇ ಬರೆಯುವುದೆಲ್ಲ ಚಿತ್ರದ ಚೌಕಟ್ಟಿನಲ್ಲೇ ಇದೆ. ಅದನ್ನು ತೋರಿಸಿದರೆ ವಿಶೇಷಣಗಳ ಅಗತ್ಯವೇ ಬೀಳದು.

ಇದಕ್ಕಿಂತ ಕಠಿಣವಾದ ಒಂದು ಪ್ರಶ್ನೆಯನ್ನು ನೀವು ತಪ್ಪಿಸಿಕೊಂಡಿದ್ದೀರಿ. ನಿಮ್ಮ ಬರಹದಲ್ಲಿ ಈ ಸೈನಿಕರು ಹುತಾತ್ಮರಂತೆ ಪೂಜ್ಯರು. ಡಿಕ್ಸ್‌ನ ಚಿತ್ರಗಳಲ್ಲಿ ಅವರು ವಿಕಾರವಾಗಿದ್ದಾರೆ, ಕೆಲವೆಡೆ ನಗೆಪಾಟಲಾಗಿಯೂ ಕಾಣುತ್ತಾರೆ. ‘ಯುದ್ಧವಿಕಲರು’ ಚಿತ್ರದಲ್ಲಿ ಸಮವಸ್ತ್ರ ತೊಟ್ಟ ನಾಲ್ವರು ಸಾಲಾಗಿ ಸಾಗುವುದು ಪಾದರಕ್ಷೆಯ ಅಂಗಡಿಯೊಂದರ ಮುಂದೆ. ಡ್ರೆಸ್ಡೆನ್ ನಗರದ ಬೀದಿಯೊಂದರ ಹೆಸರು ಹೊತ್ತ ‘ಪ್ರಾಗರ್ ಸ್ಟ್ರಾಸ್ಸೆ’ಯಲ್ಲಿ ಕಾಲಿಲ್ಲದವನ ಹಿಂದಿನ ಅಂಗಡಿಯ ಗಾಜಿನೊಳಗೆ ಕೃತಕ ಅಂಗಗಳು ಮಾರಾಟಕ್ಕಿವೆ, ಅವನ ಗಾಲಿಹಲಗೆಯ ಬಳಿ ಯಹೂದಿದ್ವೇಷದ ಕರಪತ್ರ ಬಿದ್ದಿದೆ. ಸ್ವತಃ ಮೆಷಿನ್‌ಗನ್ ಹಿಡಿದು ಕಾದಾಡಿದ್ದ ಕಲಾವಿದ ತನ್ನ ಜೊತೆಗಾರರನ್ನು ಹೀಗೇಕೆ ಚಿತ್ರಿಸಿದ? ಅವರನ್ನು ಅಣಕಿಸಿದನೇ, ಅವರನ್ನು ನೋಡಲಾಗದ ನಮ್ಮ ಕಣ್ಣನ್ನು ಅಣಕಿಸಿದನೇ? ನಿಮ್ಮ ಉತ್ತರ ಏನೇ ಇರಲಿ, ಲೇಖನದ ಜೀವ ಇರುವುದು ಈ ಪ್ರಶ್ನೆಯಲ್ಲಿ ಎಂದು ನನಗೆ ತೋರುತ್ತದೆ.

‘ಸರ್ಕಾರ ಅವರಿಗೆ ಬಿಡಿಗಾಸನ್ನೂ ಕೊಡಲಿಲ್ಲ’ ಎಂಬ ಮಾತು ನಿಜವಲ್ಲ, ಅದನ್ನು ತೆಗೆಯಿರಿ. ಗಾಯಾಳು ಸೈನಿಕರ ಪಿಂಚಣಿಗೂ ತೀವ್ರ ಅಂಗವಿಕಲರಿಗೆ ಉದ್ಯೋಗ ಕೊಡಬೇಕೆಂಬುದಕ್ಕೂ ಯುದ್ಧಾನಂತರದ ಜರ್ಮನಿಯ ಚುನಾಯಿತ ಆಡಳಿತವಾದ ವೈಮಾರ್ ಗಣರಾಜ್ಯ ಕಾನೂನು ತಂದದ್ದು ಇದೇ 1920ರಲ್ಲಿ. ಕಾನೂನು ಬಂದ ವರ್ಷವೇ ಈ ಚಿತ್ರಗಳೂ ಬಂದಿವೆ ಎಂಬುದನ್ನು ಎದುರಿಸಿ ಬರೆದರೆ, ಉಪೇಕ್ಷೆ ಎಂದರೆ ಹಣ ಕೊಡದಿರುವುದು ಮಾತ್ರವೇ ಎಂದು ನೀವೇ ಕೇಳಿಕೊಳ್ಳಬೇಕಾಗುತ್ತದೆ.

ಕೊನೆಯ ಪುಟದಲ್ಲಿ ಅವಸರದಿಂದ ಹೇಳಿ ಮುಗಿಸಿರುವ ಸಂಗತಿಯೇ ನಿಮ್ಮ ಬರಹದ ಅತ್ಯುತ್ತಮ ಭಾಗ. ‘ಯುದ್ಧವಿಕಲರು’ ಕೃತಿಯನ್ನು ನಾಜಿಗಳು 1937ರಲ್ಲಿ ಮ್ಯೂನಿಕ್‌ನ ‘ಅಧಃಪತಿತ ಕಲೆ’ ಪ್ರದರ್ಶನದಲ್ಲಿ ಅಪಹಾಸ್ಯಕ್ಕೆಂದು ತೂಗುಹಾಕಿದರು; ಆ ಮೂಲ ಕೃತಿ ಇಂದು ಇಲ್ಲ, ಅದರ ಛಾಯಾಚಿತ್ರವೂ ಅದೇ ದೃಶ್ಯವನ್ನು ಡಿಕ್ಸ್ ಲೋಹದ ತಗಡಿನಲ್ಲಿ ಕೊರೆದು ತೆಗೆದ ಅಚ್ಚುಚಿತ್ರವೂ ಉಳಿದಿವೆ. ಬೀದಿಯಲ್ಲಿ ಜನ ನೋಡಲು ಒಲ್ಲದ ಗಾಯಾಳುಗಳ ಚಿತ್ರವನ್ನೂ ಕಾಲು ಶತಮಾನದೊಳಗೆ ಇಲ್ಲವಾಗಿಸಲಾಯಿತು. ಇದನ್ನು ಮೊದಲ ಪುಟಕ್ಕೆ ತನ್ನಿ.

ಯುದ್ಧದ ಕ್ರೌರ್ಯವನ್ನು ಕುರಿತ ಆರಂಭದ ಸಾಮಾನ್ಯ ಮಾತುಗಳನ್ನೆಲ್ಲ ಕೈಬಿಟ್ಟು, ಈ ಮೂರು ಚಿತ್ರಗಳಿಗೇ ಸೀಮಿತವಾಗಿ ಮತ್ತೆ ಬರೆದು ಕಳುಹಿಸಿ. ಖಂಡಿತ ಓದುತ್ತೇನೆ.

ಇತಿ,
ಸಂಪಾದಕ